ಪ್ರತಿಕ್ರಿಯೆ: 1888ರ ವೈಟ್‌ಚಾಪೆಲ್ ಕೊಲೆಗಳ ದಾಖಲೆ ನೋಡಲು ಸಿಗುತ್ತಾ?

ನೀವು ಕೇಳಿದ್ದು ಜ್ಯಾಕ್ ದಿ ರಿಪ್ಪರ್ (ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದಲ್ಲಿ ಹೆಂಗಸರನ್ನು ಕೊಂದ, ಗುರುತೇ ಸಿಗದ ಹಂತಕ) ಕೇಸಿನ ಪೊಲೀಸ್ ಮತ್ತು ಕೋರ್ಟ್ ದಾಖಲೆ ಸಾಮಾನ್ಯರಿಗೆ ಸಿಗುತ್ತಾ ಅಂತ, ಅಲ್ವಾ? ಪೊಲೀಸ್ ಫೈಲ್ ಸಿಗುತ್ತದೆ. ಕೋರ್ಟಿನದ್ದು ಹುಡುಕಬೇಡಿ. ಯಾರೂ ಸಿಕ್ಕಿಬೀಳಲಿಲ್ಲ, ವಿಚಾರಣೆಯೂ ನಡೆಯಲಿಲ್ಲ.

ಲಂಡನ್ ಪೊಲೀಸರ ಫೈಲ್‌ಗಳು ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಬ್ರಿಟನ್ನಿನ ಸರ್ಕಾರಿ ದಾಖಲೆ ಭಂಡಾರ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಕೆಟಲಾಗ್‌ನಲ್ಲಿ ಎಂಇಪಿಒ 3/140 (MEPO 3/140) ಅನ್ನೋ ಫೈಲ್ ಸಂಖ್ಯೆ ಹಾಕಿ ಹುಡುಕಿ. ಆದರೆ ಪೂರ್ತಿ ಕಥೆ ಸಿಗುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಕಾಗದ ಕಳೆದುಹೋಗಿದೆ. 'ಡಿಯರ್ ಬಾಸ್' ಅಂತ ಶುರುವಾಗುವ ಪ್ರಸಿದ್ಧ ಪತ್ರವೂ (ಹಂತಕನ ಹೆಸರಲ್ಲಿ ಬಂದದ್ದು) ಫೈಲ್‌ನಿಂದ ಮಾಯವಾಗಿತ್ತು. 1987ರಲ್ಲಿ ಯಾರೋ ಹೆಸರು ಹೇಳದೆ ಅಂಚೆಯಲ್ಲಿ ವಾಪಸ್ ಕಳಿಸಿದರು!

ಅದೇ ಕಾಲದ ಬೇರೆ ಕೇಸುಗಳ ಬಗ್ಗೆಯೂ ಕುತೂಹಲ ಇದ್ದರೆ ಲಂಡನ್ನಿನ ದೊಡ್ಡ ಕ್ರಿಮಿನಲ್ ಕೋರ್ಟ್ ಓಲ್ಡ್ ಬೇಲಿಯ ಕೇಸುಗಳಿರುವ ವೆಬ್‌ಸೈಟ್ 'ಓಲ್ಡ್ ಬೇಲಿ ಆನ್‌ಲೈನ್' ನೋಡಿ. 1674ರಿಂದ 1913ರವರೆಗಿನ ವಿಚಾರಣೆಗಳ ಮುದ್ರಿತ ವರದಿಗಳು ಅಲ್ಲಿ ಪುಕ್ಕಟೆ. ಹೆಸರು, ಅಪರಾಧ, ಶಿಕ್ಷೆ, ಯಾವುದರಿಂದ ಬೇಕಾದರೂ ಹುಡುಕಬಹುದು. ನಾನಂತೂ ಒಂದು ಕಳ್ಳತನದ ಕೇಸ್ ನೋಡಲು ಹೋಗಿ ಸುಮ್ನೆ ಅರ್ಧ ರಾತ್ರಿ ಕಳೆದಿದ್ದೇನೆ. ಒಂದು ತೊಡಕಿದೆ. ಅತ್ಯಾಚಾರದಂಥ ಕೇಸುಗಳಲ್ಲಿ 'ಸಾಕ್ಷ್ಯ ಪ್ರಕಟಣೆಗೆ ಯೋಗ್ಯವಲ್ಲ' ಅಂತ ಒಂದೇ ಸಾಲು ಬರೆದು ಮುಗಿಸಿರುತ್ತಾರೆ. ಆಗ ಪತ್ರಿಕೆಗಳ ವರದಿ ಹುಡುಕಬೇಕು, ಅಲ್ಲೂ ಜಾಸ್ತಿ ಸಿಗದೇ ಇರಬಹುದು.

20ನೇ ಶತಮಾನದ ಕೇಸುಗಳಾದರೆ ಹುಷಾರು. ಬದುಕಿರುವವರ ಹೆಸರು ಇದ್ದರೆ ಫೈಲ್ ಹತ್ತಾರು ವರ್ಷ ಮುಚ್ಚಿಯೇ ಇರಬಹುದು. ಮಾಹಿತಿ ಹಕ್ಕಿನಡಿ ತೆರೆಯಿರಿ ಅಂತ ಅರ್ಜಿ ಹಾಕಬಹುದು, ಕೆಲವೊಮ್ಮೆ ಒಂದಷ್ಟು ಹಾಳೆ ತೆಗೆದಿಟ್ಟು ಉಳಿದದ್ದನ್ನು ಕೊಡುತ್ತಾರೆ.