‘ಆಗ ಯಾರಿಗೂ ಗೊತ್ತಿರಲಿಲ್ಲ’ ಅನ್ನೋದು ನಿಜವಾ?

ರಾಬರ್ಟ್‌ಸನ್‌ಪೇಟೆಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ತಾತ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದರು. ಕೊನೆಕೊನೆಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತಿತ್ತು. ಆಸ್ಪತ್ರೆ ಚೀಟಿಯಲ್ಲಿ ಮಾತ್ರ ‘ಟಿ.ಬಿ.’ ಅಂತಷ್ಟೇ ಇದೆ ಎಂದು ಬರೆದಿದ್ದೀರಿ. ಕಲ್ಲಿನ ಧೂಳು ಇಷ್ಟು ಕೆಟ್ಟದ್ದು ಅಂತ ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎನ್ನುವುದು ನಿಮ್ಮ ಚಿಕ್ಕಪ್ಪನವರ ಮಾತು. ಅದು ನಿಜವಾ ಎಂದು ಕೇಳಿದ್ದೀರಿ. ಜೊತೆಗೆ, ಗ್ರಾನೈಟ್ ಕಟಿಂಗ್‌ಗೆ ಹೋಗುವ ನಿಮ್ಮ ತಮ್ಮನಿಗೆ ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕಾ ಅಂತಲೂ ಕೇಳಿದ್ದೀರಿ.

ಚಿಕ್ಕಪ್ಪನವರು ಬೇಜಾರು ಮಾಡಿಕೊಳ್ಳಬಾರದು. ಗೊತ್ತಿತ್ತು. ಅದೂ ನಿನ್ನೆ ಮೊನ್ನೆಯಿಂದಲ್ಲ.

ಯುರೋಪಿನ ಗಣಿ ಊರೊಂದರಲ್ಲಿ ವೈದ್ಯನಾಗಿದ್ದ ಅಗ್ರಿಕೋಲ ಗಣಿಗಾರಿಕೆ ಬಗ್ಗೆ ಬರೆದ ದೊಡ್ಡ ಪುಸ್ತಕ 1556ರಲ್ಲಿ ಅಚ್ಚಾಯಿತು. ಕಾರ್ಪೇಥಿಯನ್ ಬೆಟ್ಟಗಳ ಗಣಿ ಸೀಮೆಯಲ್ಲಿ ಏಳು ಸಲ ಮದುವೆಯಾದ ಹೆಂಗಸರಿದ್ದಾರೆ, ಏಳೂ ಗಂಡಂದಿರನ್ನು ಎದೆಯ ಕಾಯಿಲೆಯೇ ತಿಂದಿದೆ ಎಂದು ಅದರಲ್ಲಿದೆ. ಇಟಲಿಯ ವೈದ್ಯ ರಮಾಜಿನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಮೇಲೇ ಒಂದು ಪುಸ್ತಕ ತಂದ. ಉಸಿರುಕಟ್ಟಿ ಸತ್ತ ಕಲ್ಲುಕುಟಿಗರ ಶ್ವಾಸಕೋಶವನ್ನು ಕೊಯ್ದಾಗ ಮರಳಿನ ಗುಡ್ಡೆಗೆ ಚಾಕು ಹಾಕಿದಂತಾಯಿತು ಎಂದು ಹಾಲೆಂಡಿನ ವೈದ್ಯನೊಬ್ಬ ಹೇಳಿದ್ದನ್ನು ಅದರಲ್ಲಿ ದಾಖಲಿಸಿದ. ರೋಗಿ ಬಂದರೆ ‘ನೀನು ಏನು ಕೆಲಸ ಮಾಡ್ತೀಯ’ ಅಂತ ಕೇಳಿ ಎಂದು ವೈದ್ಯರಿಗೆ ಹೇಳಿಕೊಟ್ಟವನೂ ಇವನೇ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಎರಡು ಬೆಳವಣಿಗೆಗಳಾದವು. ಒಂದು, ಗಾಳಿಯ ಒತ್ತಡದಿಂದ ಓಡುವ ಡ್ರಿಲ್ ಗಣಿಗಳಿಗೆ ಬಂತು. ಉಳಿ ಸುತ್ತಿಗೆಯಿಂದ ಏಳುವ ಧೂಳಿಗೂ ಇದರ ಧೂಳಿಗೂ ಹೋಲಿಕೆಯೇ ಇಲ್ಲ. ಬೆಣಚುಕಲ್ಲನ್ನು ಒಣಗಿದ್ದಾಗಲೇ ಕೊರೆದರೆ ಆ ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳಾಗಿ ಎದ್ದು, ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ. ಅದನ್ನು ನುಂಗಲು ಬರುವ ನಮ್ಮದೇ ರಕ್ಷಕ ಜೀವಕೋಶಗಳು ಸತ್ತು ಹೋಗುತ್ತವೆ. ಸತ್ತಲ್ಲೆಲ್ಲ ಗಂಟು ಕಟ್ಟುತ್ತೆ, ಶ್ವಾಸಕೋಶ ಗಟ್ಟಿಯಾಗುತ್ತೆ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಹುದು. ಮೊದಲಿನ ಹಾಗೆ ಮಾಡುವ ಔಷಧಿ ಇವತ್ತಿಗೂ ಇಲ್ಲ.

ಇನ್ನೊಂದು, 1882ರಲ್ಲಿ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದ. ಒಳ್ಳೆಯದೇ ಆಯಿತು, ಆದರೆ ಅಲ್ಲಿಂದ ಮುಂದೆ ಕೆಮ್ಮುವ ಗಣಿ ಕೆಲಸಗಾರನೆಂದರೆ ಕ್ಷಯ ಅಂತ ಬರೆದುಬಿಡುವುದು ಸುಲಭವಾಯಿತು. ಸಿಲಿಕಾ ತುಂಬಿದ ಎದೆಗೆ ಕ್ಷಯ ಬೇಗ ಅಂಟುತ್ತೆ ಅನ್ನುವುದೂ ನಿಜ. ನಿಮ್ಮ ತಾತನವರಿಗೆ ಎರಡೂ ಇದ್ದಿರಬಹುದು. ಹಾಗಾಗಿ ಚೀಟಿ ಬರೆದ ಡಾಕ್ಟರನ್ನು ಸುಳ್ಳುಗಾರ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಟಿ.ಬಿ. ಅಂದರೆ ಅದು ಮನೆಯವರ ಕಷ್ಟ. ಸಿಲಿಕಾ ಧೂಳಿನಿಂದ ಬರುವ ಈ ಕಾಯಿಲೆಯ ಹೆಸರು ಸಿಲಿಕೋಸಿಸ್. ಅದು ಅಂದರೆ ಕೆಲಸ ಕೊಟ್ಟವರು ದುಡ್ಡು ಬಿಚ್ಚಬೇಕು. ಯಾವ ಹೆಸರು ಯಾರಿಗೆ ಅನುಕೂಲ, ನೀವೇ ಹೇಳಿ.

ಈಗ ಕೋಲಾರಕ್ಕೆ ಬರೋಣ. ಅಲ್ಲಿನ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು ಅಲ್ಲಿ ಬಹಳ ಮಂದಿ ಇದ್ದರು. ಅದೇ ಕಾರ್ನ್‌ವಾಲ್‌ನ ಗಂಡಸರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಹೋಗಿ, ಕೆಮ್ಮಿಕೊಂಡು ವಾಪಸ್ ಬಂದು, ಚಿಕ್ಕ ವಯಸ್ಸಿಗೇ ಸಾಯುತ್ತಿದ್ದರು. ಇದನ್ನು ತನಿಖೆ ಮಾಡಿದ ಹಾಲ್ಡೇನ್ ಎಂಬ ವಿಜ್ಞಾನಿಯ ತಂಡ 1904ರಲ್ಲೇ ವರದಿ ಕೊಟ್ಟು, ಕಲ್ಲಿನ ಧೂಳೇ ಕಾರಣ ಎಂದಿತು. ಡ್ರಿಲ್ಲಿನ ಒಳಗಿಂದಲೇ ನೀರು ಹಾಯಿಸಿ ಧೂಳು ಏಳದಂತೆ ಮಾಡುವ ಯಂತ್ರವೂ ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ತಯಾರಾಗಿತ್ತು. ದಕ್ಷಿಣ ಆಫ್ರಿಕಾ 1911ರಲ್ಲಿ ಪರಿಹಾರದ ಕಾನೂನು ತಂದಿತು. ಅದರಲ್ಲೂ ಬಿಳಿಯರಿಗೊಂದು ಲೆಕ್ಕ, ಕರಿಯರಿಗೊಂದು ಲೆಕ್ಕ.

ಕೋಲಾರದಲ್ಲಿ ಈ ಕಾಯಿಲೆಯ ಮೊದಲ ವರದಿ ಬಂದಿದ್ದು 1934ರಲ್ಲಿ. ಮೈಸೂರು ಸರ್ಕಾರ 1940ರಲ್ಲಿ ಇದನ್ನು ಪರಿಹಾರ ಕೊಡಬೇಕಾದ ಕಾಯಿಲೆ ಎಂದು ಒಪ್ಪಿತು. 1947ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದ್ದರು. ನೂರಕ್ಕೆ 40ಕ್ಕಿಂತ ಜಾಸ್ತಿ ಜನರಿಗೆ ಸಿಲಿಕೋಸಿಸ್ ಇತ್ತು. ಇಷ್ಟೆಲ್ಲ ಆಗಿದ್ದು ನಿಮ್ಮ ತಾತ ಡ್ರಿಲ್ ಹಿಡಿಯುವ ಮೊದಲೇ. ಅವರಿಗೆ ಯಾರೂ ಹೇಳಿರಲಿಲ್ಲ ಅಂದರೆ ಒಪ್ಪುತ್ತೇನೆ. ಯಾರಿಗೂ ಗೊತ್ತಿರಲಿಲ್ಲ ಅಂದರೆ ಒಪ್ಪಲ್ಲ.

ಇನ್ನು ತಮ್ಮನ ವಿಷಯ. ಟವೆಲ್ ಸಾಲದು. ಅಪಾಯ ಮಾಡುವ ಕಣಗಳು ಬಟ್ಟೆಯ ನೂಲಿನ ಸಂದಿಯಲ್ಲಿ ಸಲೀಸಾಗಿ ನುಗ್ಗುತ್ತವೆ. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ವಾಸಿ, ಅದೂ ಎರಡನೇ ಮಾತು. ಮೊದಲು ಬ್ಲೇಡ್ ಕಲ್ಲಿಗೆ ತಾಗುವ ಜಾಗಕ್ಕೆ ನೀರು ಬೀಳುತ್ತಲೇ ಇರಬೇಕು. ಕೆಲಸ ಮುಗಿದ ಮೇಲೆ ಒಣ ಪೊರಕೆಯಲ್ಲಿ ಗುಡಿಸಬಾರದು, ನೀರು ಹಾಕಿ ತೊಳೆಯಬೇಕು. ಧೂಳಿನ ಬಟ್ಟೆ ಅಲ್ಲೇ ಬಿಚ್ಚಿಟ್ಟು ಮನೆಗೆ ಬರಲಿ. ಆಸ್ಟ್ರೇಲಿಯಾ ಸಿಲಿಕಾ ಜಾಸ್ತಿ ಇರುವ ಕೃತಕ ಕಲ್ಲಿನ ಅಡುಗೆಕಟ್ಟೆಗಳನ್ನು 2024ರ ಜುಲೈನಿಂದ ನಿಷೇಧಿಸಿದ್ದು, ಅವನ್ನು ಕತ್ತರಿಸುವ ಹುಡುಗರಿಗೆ ಇದೇ ಕಾಯಿಲೆ ಬಂದಿದ್ದಕ್ಕೆ.

ಒಂದು ಎಕ್ಸ್‌ರೇ ತೆಗೆಸಿ, ಫಿಲ್ಮ್ ಜೋಪಾನವಾಗಿಡಿ. ಡಾಕ್ಟರು ಕೇಳದಿದ್ದರೂ ಎಷ್ಟು ವರ್ಷದಿಂದ ಕಲ್ಲು ಕೊಯ್ಯುತ್ತಿದ್ದಾನೆ ಅಂತ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ನೀರಿನ ವ್ಯವಸ್ಥೆ ಮಾಡಿ ಅಂತ ಮಾಲೀಕರನ್ನು ಒಬ್ಬನೇ ಕೇಳಲು ಅವನಿಗೆ ಅಳುಕಾದರೆ, ಜೊತೆಗೆ ದುಡಿಯುವವರೆಲ್ಲ ಸೇರಿ ಕೇಳಲಿ.

– ಸಂಪಾದಕ