ಕೊಲೆಗಾರನನ್ನು ಮೊದಲೇ ತೋರಿಸಬಹುದೇ?

ಪ್ರಶ್ನೆ: ನಾವು ಗೆಳೆಯರು ಸೇರಿ ಕಲಬುರಗಿಯಲ್ಲಿಯೇ 20 ನಿಮಿಷಗಳ ಥ್ರಿಲ್ಲರ್ ಕಿರುಚಿತ್ರವೊಂದನ್ನು ಮಾಡಲು ಹೊರಟಿದ್ದೇವೆ. ಕೊಲೆಗಾರ ಯಾರೆಂಬುದನ್ನು ಕೊನೆಯವರೆಗೂ ಮುಚ್ಚಿಡಲೇಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಅಂಥ ನಿಯಮವೇನೂ ಇಲ್ಲ. ಕೊಲೆಗಾರ ಯಾರು ಎಂಬ ಕುತೂಹಲ ಪತ್ತೇದಾರಿ ಕಥೆಯ ಜೀವಾಳ. ಥ್ರಿಲ್ಲರ್‌ನ ಜೀವಾಳ ಮುಂದೇನಾಗುವುದೋ ಎಂಬ ಆತಂಕ. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸಿದ್ದರು. ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕ 15 ಸೆಕೆಂಡು ಬೆಚ್ಚುತ್ತಾನೆ, ಅಷ್ಟೇ. ಅದು ಅಲ್ಲಿರುವುದು ಪಾತ್ರಗಳಿಗೆ ತಿಳಿಯದೆ ಪ್ರೇಕ್ಷಕನಿಗೆ ಮಾತ್ರ ತಿಳಿದಿದ್ದರೆ, ಅವರ ತೀರಾ ಸಾಮಾನ್ಯವಾದ ಹರಟೆಯನ್ನೂ ಅವನು 15 ನಿಮಿಷಗಳ ಕಾಲ ಉಸಿರು ಬಿಗಿಹಿಡಿದು ಕೇಳುತ್ತಾನೆ.

ಭಯಕ್ಕೆ ಕತ್ತಲೆಯೇ ಬೇಕೆಂದು ಹಲವರು ನಂಬುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿ, ಶಹಾಬಾದ್ ಕಲ್ಲಿನ ಮನೆಗಳ ಬಾಗಿಲುಗಳೆಲ್ಲ ಮುಚ್ಚಿಕೊಂಡಿರುವಾಗ, ನಿಮ್ಮೂರಿನ ನಿರ್ಜನ ಓಣಿಯಲ್ಲಿ ಒಬ್ಬನೇ ನಡೆದುಬರುವವನ ಚಪ್ಪಲಿಯ ಸದ್ದು ಯಾವ ಹಿನ್ನೆಲೆ ಸಂಗೀತಕ್ಕಿಂತಲೂ ಹೆಚ್ಚು ನಡುಕ ಹುಟ್ಟಿಸಬಲ್ಲದು. ಸದ್ದು ಸಮೀಪಿಸುತ್ತಿದ್ದಂತೆ ದೃಶ್ಯದ ತುಣುಕುಗಳನ್ನು ಚಿಕ್ಕದಾಗಿಸುತ್ತ ಹೋಗಿ, ಅದು ನಿಂತಾಗ ಮಾತ್ರ ಕ್ಯಾಮೆರಾವನ್ನು ಅಲುಗಿಸದೆ ಬಿಡಿ.

ಕೊನೆಯಲ್ಲಿ ತಿರುವೊಂದನ್ನು ಕೊಡುವುದಾದರೆ, ಅದರ ಸುಳಿವು ಮೊದಲ ಐದು ನಿಮಿಷಗಳಲ್ಲಿಯೇ, ಪಾತ್ರಗಳು ಬೇರೇನನ್ನೋ ಮಾಡುತ್ತಿರುವಾಗ, ಕಣ್ಣಿಗೆ ಬಿದ್ದೂ ಬೀಳದಂತೆ ಬಂದುಹೋಗಿರಬೇಕು.