ಮೇಲೆ ಹಾರಾಡುವ ಮ್ಯಾಂಟಿಕೋರ್, ಕೆಳಗೆ ಕೊಡಲಿ ಹಿಡಿದವನು

ಪ್ರಶ್ನೆ: ನಾವು ಗೆಳೆಯರು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡೈಸ್ ಉರುಳಿಸಿ, ಪಾತ್ರ ವಹಿಸಿ ಆಡುವ ಕಲ್ಪನಾ ಆಟ) ಆಡುತ್ತೇವೆ. 2014ರ ಐದನೇ ಆವೃತ್ತಿಯ ನಿಯಮ. ನನ್ನದು ಬಾರ್ಬೇರಿಯನ್ (ಹತ್ತಿರ ನುಗ್ಗಿ ಕಾದಾಡುವ ಯೋಧ), 5ನೇ ಲೆವೆಲ್, ಕೈಯಲ್ಲಿ ದೊಡ್ಡ ಕೊಡಲಿ. ಹೋದ ವಾರ ಒಂದು ಮ್ಯಾಂಟಿಕೋರ್ (ಸಿಂಹದ ಮೈ, ರೆಕ್ಕೆ, ಮುಳ್ಳಿನ ಬಾಲದ ರಾಕ್ಷಸ ಪ್ರಾಣಿ) ಬಂತು. 60 ಅಡಿ ಮೇಲೆ ಹಾರಾಡುತ್ತಾ ಬಾಲದ ಮುಳ್ಳು ಎಸೆಯುತ್ತಲೇ ಇತ್ತು. ಮಂತ್ರ ಹಾಕುವ ವಿಝರ್ಡು, ದೂರದಿಂದ ಹೊಡೆಯುವ ರೇಂಜರು ಇಬ್ಬರೂ ಆಡಿದರು. ನನ್ನ ಟರ್ನ್ ಬಂದಾಗಲೆಲ್ಲ ‘ಪಾಸ್’ ಅನ್ನೋದೇ ಆಯ್ತು. ಆಮೇಲೆ ಮೊಬೈಲ್ ನೋಡ್ತಾ ಕೂತೆ. ‘ನೀನೇ ಆರಿಸಿಕೊಂಡ ಕ್ಲಾಸ್ ಅಲ್ವಾ’ ಅಂತಾನೆ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವನು). ಬೇರೆ ಕ್ಯಾರೆಕ್ಟರ್ ಮಾಡಿಕೊಳ್ಳಲೇ?
– ಕೊಡಲಿ ಹಿಡಿದವನು, ಚಿತ್ರದುರ್ಗ

ಉತ್ತರ: ಬೇಡ. ಮೊದಲು ನಿಮ್ಮ ಶೀಟ್ ತೆಗೆದು ಸಾಮಾನಿನ ಪಟ್ಟಿ ನೋಡಿ. ಬಾರ್ಬೇರಿಯನ್‌ಗೆ ಶುರುವಿನಲ್ಲೇ 4 ಜಾವೆಲಿನ್ (ಎಸೆಯುವ ಈಟಿ) ಕೊಡುತ್ತಾರೆ. ಎಲ್ಲಿ ಹೋದವು? ದಾವಣಗೆರೆಯಲ್ಲಿ ನಾನು ಆಡಿಸುವ ಟೇಬಲ್‌ನಲ್ಲೂ ಇದೇ ಕಥೆ. ಮೊದಲ ದಿನ ಬರೆದುಕೊಳ್ಳುತ್ತಾರೆ, ಆಮೇಲೆ ಯಾರಿಗೂ ಅದರ ನೆನಪೇ ಇರುವುದಿಲ್ಲ.

ಜಾವೆಲಿನ್ 30 ಅಡಿವರೆಗೆ ಸಲೀಸು. 120ರವರೆಗೂ ಹೋಗುತ್ತದೆ, ಆದರೆ 30 ದಾಟಿದರೆ ಡಿಸ್‌ಅಡ್ವಾಂಟೇಜ್: ಎರಡು ಡಿ20 (20 ಮುಖದ ಡೈಸ್) ಉರುಳಿಸಿ ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳಬೇಕು. ಬಿಲ್ಲಿಗೆ ಡೆಕ್ಸ್‌ಟೆರಿಟಿ (ಚುರುಕು) ಬೇಕು, ಇದಕ್ಕೆ ನಿಮ್ಮ ಸ್ಟ್ರೆಂತ್ (ಬಲ) ಸಾಕು. ಕಟ್ಟುನಿಟ್ಟಾಗಿ ನೋಡಿದರೆ ಒಂದು ಟರ್ನ್‌ನಲ್ಲಿ ಸುಮ್ನೆ ಒಂದೇ ಆಯುಧ ಸೆಳೆಯಬಹುದು. 5ನೇ ಲೆವೆಲ್‌ನಲ್ಲಿ ನಿಮಗೆ ಟರ್ನ್‌ಗೆ ಎರಡು ಏಟು (ಎಕ್ಸ್‌ಟ್ರಾ ಅಟ್ಯಾಕ್), ಹಾಗಾಗಿ ಎರಡನೇ ಏಟಿಗೆ ಇನ್ನೊಂದು ಜಾವೆಲಿನ್ ಮೊದಲೇ ಕೈಯಲ್ಲಿರಬೇಕು. ನಾನು ಅಷ್ಟು ಲೆಕ್ಕ ಕೇಳಲ್ಲ, ಎರಡೂ ಎಸೆಯಲಿ ಬಿಡಿ ಅಂತೀನಿ.

ತಾಗದಿದ್ದರೂ ಎಸೆಯಿರಿ. ಕಾರಣ ನಿಮ್ಮ ರೇಜ್, ಅಂದರೆ ಬಾರ್ಬೇರಿಯನ್‌ನ ಕೋಪಾವೇಶ. ಒಂದು ಸುತ್ತಿನಲ್ಲಿ ನೀವು ಯಾರ ಮೇಲೂ ಏಟು ಹಾಕದೆ, ಏಟು ತಿನ್ನದೆ ಟರ್ನ್ ಮುಗಿಸಿದರೆ ರೇಜ್ ಇಳಿದುಹೋಗುತ್ತದೆ. ಗುರಿ ತಪ್ಪಿದ ಜಾವೆಲಿನ್ನೂ ಏಟಿನ ಲೆಕ್ಕಕ್ಕೇ ಸೇರುತ್ತದೆ. ರೇಜ್ ಇದ್ದರೆ ಆ ಮುಳ್ಳುಗಳ ಪೆಟ್ಟು ನಿಮಗೆ ಅರ್ಧ. ಎಸೆದ ಆಯುಧಕ್ಕೆ ರೇಜ್‌ನ ಹೆಚ್ಚುವರಿ ಡ್ಯಾಮೇಜ್ ಸಿಗುವುದಿಲ್ಲ, ಅಷ್ಟೇ.

68 ಹಿಟ್ ಪಾಯಿಂಟ್ (ಪ್ರಾಣಶಕ್ತಿ) ಇರುವ ಪ್ರಾಣಿ ಇದರಿಂದೇನೂ ಸಾಯುವುದಿಲ್ಲ, ಒಪ್ಪಿದೆ. ನೀವು ಮೇಲೆ ಹೋಗುವ ಯೋಚನೆ ಬಿಡಿ, ಅದು ಕೆಳಗೆ ಬರುವ ಹಾಗೆ ಮಾಡಿ. ಮ್ಯಾಂಟಿಕೋರ್ ಬಾಲದಲ್ಲಿ ಇರೋದು 24 ಮುಳ್ಳು. ಟರ್ನ್‌ಗೆ ಮೂರು. ಎಂಟು ಟರ್ನ್ ಆದರೆ ಬಾಲ ಖಾಲಿ, ಮತ್ತೆ ಬೆಳೆಯಬೇಕಾದರೆ ಅದು ಲಾಂಗ್ ರೆಸ್ಟ್ ಮಾಡಬೇಕು. ನಿಮ್ಮ ಡಿಎಂ ಎಣಿಸಿದರಾ? ನಾನು ಟೇಬಲ್ ಮೇಲೆ 24 ಹುಣಸೆ ಬೀಜ ಇಟ್ಟು, ಟರ್ನ್‌ಗೆ ಮೂರರಂತೆ ಎಲ್ಲರ ಕಣ್ಣೆದುರೇ ಎತ್ತುತ್ತೇನೆ. ಆರು ಬೀಜ ಉಳಿಯುವ ಹೊತ್ತಿಗೆ ಮೊಬೈಲ್ ಹಿಡಿದವರೂ ಅದನ್ನು ಕೆಳಗಿಟ್ಟು ಬಗ್ಗಿ ನೋಡುತ್ತಾರೆ.

ಅಲ್ಲಿವರೆಗೆ ಬಯಲಲ್ಲಿ ನಿಲ್ಲಬೇಡಿ. ದುರ್ಗದವರಿಗೆ ಬಂಡೆ ಅಂದರೇನು ಅಂತ ನಾನು ಹೇಳಬೇಕಾ? ‘ಇಲ್ಲಿ ಬಂಡೆ ಇದೆಯಾ, ಗುಹೆ ಇದೆಯಾ’ ಅಂತ ಡಿಎಂನ ಕೇಳಿ. ಅರ್ಧ ಮರೆ ಸಿಕ್ಕರೆ ಎಸಿಗೆ (ಆರ್ಮರ್ ಕ್ಲಾಸ್, ನಿಮಗೆ ಏಟು ತಾಗಲು ಶತ್ರು ಮುಟ್ಟಬೇಕಾದ ಅಂಕ) 2 ಜಾಸ್ತಿ, ಮುಕ್ಕಾಲು ಮರೆಗೆ 5. ಪೂರ್ತಿ ಮರೆಯಾದರೆ ನಿಮ್ಮನ್ನು ಗುರಿ ಇಡಲಿಕ್ಕೇ ಆಗುವುದಿಲ್ಲ. ಅದಕ್ಕೆ ನೀವು ಬೇಕೆಂದರೆ ಹತ್ತಿರ ಬರಲೇಬೇಕು.

ಆಗ ರೆಡಿ ಆಕ್ಷನ್. ‘ಇದು ನನ್ನ ಕೈಗೆ ಎಟುಕಿದ ಕೂಡಲೇ ಹೊಡೆಯುತ್ತೇನೆ’ ಅಂತ ಮೊದಲೇ ಹೇಳಿ ಕಾಯೋದು. ನಿಮ್ಮೂರ ಓಬವ್ವ ಹೈದರಾಲಿಯ ಸೈನಿಕರನ್ನು ಬಯಲಲ್ಲಿ ಅಟ್ಟಿಸಿಕೊಂಡು ಹೋದಳಾ? ಒನಕೆ ಹಿಡಿದು ಕಿಂಡಿ ಪಕ್ಕ ನಿಂತಳು, ತಲೆ ತೂರಿದ ಹಾಗೆಲ್ಲ ಹೊಡೆದಳು. ಇಲ್ಲಿ ಒಂದು ನಷ್ಟವೂ ಇದೆ. ಎಕ್ಸ್‌ಟ್ರಾ ಅಟ್ಯಾಕ್ ನಡೆಯೋದು ನಿಮ್ಮ ಟರ್ನ್‌ನಲ್ಲಿ ಮಾತ್ರ, ಆದ್ದರಿಂದ ರೆಡಿ ಮಾಡಿದರೆ ಒಂದೇ ಏಟು. ಆ ಸುತ್ತಿನ ರಿಯಾಕ್ಷನ್ನೂ (ಬೇರೆಯವರ ಟರ್ನ್‌ನಲ್ಲೂ ಮಾಡಬಹುದಾದ ಒಂದು ಪ್ರತಿಕ್ರಿಯೆ) ಅದಕ್ಕೇ ಖರ್ಚು, ಮ್ಯಾಂಟಿಕೋರ್ ವಾಪಸ್ ಹಾರುವಾಗ ಆಪರ್ಚುನಿಟಿ ಅಟ್ಯಾಕ್ (ದೂರ ಸರಿಯುವ ಶತ್ರುವಿಗೆ ಹೊಡೆಯುವ ಏಟು) ಸಿಗುವುದಿಲ್ಲ.

ನಾನಾಗಿದ್ದರೆ ಆ ಒಂದು ಅವಕಾಶದಲ್ಲಿ ಕೊಡಲಿ ಬೀಸುತ್ತಿರಲಿಲ್ಲ. ಹಿಡಿದುಕೊಳ್ಳುತ್ತಿದ್ದೆ. ಗ್ರ್ಯಾಪಲ್! ನಿಮಗಿಂತ ಒಂದು ಸೈಜ್ ದೊಡ್ಡದನ್ನೂ ಹಿಡಿಯಬಹುದು, ಮ್ಯಾಂಟಿಕೋರ್ ಅಷ್ಟೇ ಇರೋದು. ರೇಜ್‌ನಲ್ಲಿ ಸ್ಟ್ರೆಂತ್ ಚೆಕ್‌ಗೆ ಅಡ್ವಾಂಟೇಜ್ (ಎರಡು ಡಿ20ರಲ್ಲಿ ಹೆಚ್ಚು ಬಿದ್ದದ್ದು) ಬೇರೆ. ಹಿಡಿತಕ್ಕೆ ಸಿಕ್ಕರೆ ಅದರ ವೇಗ ಸೊನ್ನೆ. ವೇಗ ಸೊನ್ನೆಯಾದ ಹಾರುವ ಪ್ರಾಣಿ ಹೋವರ್ (ಗಾಳಿಯಲ್ಲೇ ನಿಲ್ಲುವ ಶಕ್ತಿ) ಇಲ್ಲದಿದ್ದರೆ ನೆಲಕ್ಕೆ ಬೀಳಲೇಬೇಕು. ನಿಮ್ಮ ಟರ್ನ್ ಬಂದಾಗ ಒಂದು ಏಟಿನ ಬದಲು ಶವ್ ಮಾಡಿ (ತಳ್ಳಿ) ಬೀಳಿಸಿ. ಹಿಡಿತ ಬಿಡಿಸಿಕೊಳ್ಳುವವರೆಗೂ ಅದು ಏಳಲಾರದು, ಪಕ್ಕದಲ್ಲಿ ನಿಂತು ಹೊಡೆಯುವವರಿಗೆಲ್ಲ ಅಡ್ವಾಂಟೇಜ್. ಒಂದು ಕೈ ಹಿಡಿತದಲ್ಲಿರುವುದರಿಂದ ದೊಡ್ಡ ಕೊಡಲಿ ನಡೆಯುವುದಿಲ್ಲ, ಸೊಂಟದಲ್ಲಿ ಕೈಗೊಡಲಿ ಇರಲಿ.

ವಿಝರ್ಡ್ ಗೆಳೆಯರಿಗೂ ಒಂದು ಮಾತು ಹೇಳಿ. ಎಲ್ಲರೂ ಕೇಳೋದು ಫ್ಲೈ (ಹಾರಿಸುವ) ಮಂತ್ರ. 3ನೇ ಲೆವೆಲ್‌ನದು, ಕಾನ್ಸಂಟ್ರೇಷನ್ ಬೇಕು. ಮುಳ್ಳು ವಿಝರ್ಡ್‌ಗೆ ತಗುಲಿ ಗಮನ ತಪ್ಪಿತೋ, ನೀವು 60 ಅಡಿಯಿಂದ ದಬಕ್ಕಂತ ಕೆಳಗೆ, 6ಡಿ6 (ಆರು ಮುಖದ ಆರು ಡೈಸ್) ಪೆಟ್ಟು. ಅರ್ತ್‌ಬೈಂಡ್ 2ನೇ ಲೆವೆಲ್‌ನ ಮಂತ್ರ, 300 ಅಡಿ ದೂರ ಮುಟ್ಟುತ್ತದೆ. ಅದೂ ಕಾನ್ಸಂಟ್ರೇಷನ್ನೇ, ಆದರೆ ಮ್ಯಾಂಟಿಕೋರ್ ಸ್ಟ್ರೆಂತ್ ಸೇವ್‌ನಲ್ಲಿ (ಮಂತ್ರದಿಂದ ತಪ್ಪಿಸಿಕೊಳ್ಳಲು ಉರುಳಿಸುವ ಡೈಸ್) ಸೋತರೆ ತಾನೇ ನೆಲಕ್ಕೆ ಇಳಿಯುತ್ತದೆ. ನನಗಂತೂ ಎರಡನೆಯದೇ ಇಷ್ಟ.

ಇನ್ನು ನಿಮ್ಮ ಡಿಎಂ. ಕ್ಲಾಸ್ ಹಾಗೇ ಅನ್ನೋದು ಜಾರಿಕೊಳ್ಳುವ ಮಾತು. ಟೇಬಲ್‌ನಲ್ಲಿ ಕೊಡಲಿಯವನು ಇದ್ದಾನೆ ಅಂತ ಗೊತ್ತಿದ್ದೂ ಮರ, ಬಂಡೆ, ಗೋಡೆ ಏನೂ ಇಲ್ಲದ ಬಯಲಲ್ಲಿ ಹಾರುವ ಶತ್ರು ಬಿಡೋದು ಸೋಮಾರಿತನ. ಒಮ್ಮೆ ಬಿಟ್ಟರೆ ಪಾಠ, ಪ್ರತಿ ವಾರ ಬಿಟ್ಟರೆ ಬೋರು. ಮ್ಯಾಂಟಿಕೋರ್‌ಗೆ ಮಾತು ಬರುತ್ತದೆ, ಕಾಮನ್ ಭಾಷೆಯೇ. ಬುದ್ಧಿ ಮಾತ್ರ 7. ಕೆಳಗಿನಿಂದ ನಾಲ್ಕು ಬೈಗುಳ ಬೈದರೆ ರೇಗಿ ಇಳಿದು ಬರಬಾರದಾ? ಕೇಳಿ ನೋಡಿ. ಒಳ್ಳೆಯ ಡಿಎಂ ಆದರೆ ಡೈಸ್ ಉರುಳಿಸು ಅಂತಾನೆ.

ಪ್ರಶ್ನೆ: ವೈವರ್ನ್ (ಕುಟುಕುವ ಬಾಲದ, ಹಾರುವ ಡ್ರ್ಯಾಗನ್ ಜಾತಿಯ ಪ್ರಾಣಿ) ಮೇಲೆ ಬಲೆ ಎಸೆದು ಕೆಡವಬಹುದಾ?
– ಹೊಸ ಫೈಟರ್, ದಾವಣಗೆರೆ

ಉತ್ತರ: ಕೆಡವಬಹುದು, ಆದರೆ 2014ರ ಬಲೆ ಭಾರಿ ತರಲೆ. 5 ಅಡಿ ಒಳಗಿದ್ದರೆ ಶತ್ರು ಪಕ್ಕದಲ್ಲಿದೆ ಅಂತ ಡಿಸ್‌ಅಡ್ವಾಂಟೇಜ್, 5 ದಾಟಿದರೆ ದೂರ ಅಂತ ಡಿಸ್‌ಅಡ್ವಾಂಟೇಜ್, 15ರ ಆಚೆ ಹೋಗುವುದೇ ಇಲ್ಲ. ಯಾರಾದರೂ ಮೊದಲು ಫೇರೀ ಫೈರ್ ಮಂತ್ರ (ಗುರಿಗೆ ಹೊಡೆಯುವವರಿಗೆ ಅಡ್ವಾಂಟೇಜ್ ಕೊಡುವಂಥದ್ದು) ಹಾಕಿ ಅದು ತಾಗಿದರೆ ಲೆಕ್ಕ ಸರಿಹೋಗುತ್ತದೆ. ವೈವರ್ನ್ ಕುಟುಕಲು ಕೆಳಗೆ ಬಂದಾಗಲೇ ಎಸೆಯಿರಿ. ಬಲೆ ಬಿದ್ದರೂ ಡಿಸಿ 10ರ (ಒಟ್ಟು 10 ಬಂದರೆ ಸಾಕಾಗುವ) ಒಂದು ಚೆಕ್‌ನಲ್ಲಿ ಕಿತ್ತುಕೊಂಡು ಹಾರುತ್ತದೆ. ಹಾಗಾಗಿ ನಿಮ್ಮ ಟರ್ನ್ ಆದಮೇಲೆ, ವೈವರ್ನ್ ಟರ್ನ್‌ಗೆ ಮೊದಲು ಯಾರ್ಯಾರು ಆಡುತ್ತಾರೆ ನೋಡಿಕೊಳ್ಳಿ. ಯಾರೂ ಇಲ್ಲದಿದ್ದರೆ ಬಲೆ ಚೀಲದಲ್ಲೇ ಇರಲಿ.